ಮಾಸ್ತರ ಲೆನ್ಸು, ಹಿಂದಿನ ಸಾಲು

ಮಾಸ್ತರು ತೀರಿಕೊಂಡ ಸುದ್ದಿ ಒಂದೇ ಬೆಳಿಗ್ಗೆ ಮೂರು ಕಡೆಯಿಂದ ನನ್ನ ಫೋನಿಗೆ ಬಂತು. ಕಳಿಸಿದ ಮೂವರೂ ಅವರ ಕೈಕೆಳಗೆ ಫೋಟೋ ಕೆಲಸ ಕಲಿತು ಈಗ ಸ್ವಂತ ಸ್ಟುಡಿಯೋ ಇಟ್ಟುಕೊಂಡವರು. ಮೂವರೂ ಅವರನ್ನು ಬೆಳಕಿನ ಗುರು ಎಂದು ಬರೆದಿದ್ದರು. ನಾನು ಕೈಮುಗಿದ ಚಿತ್ರವೊಂದನ್ನು ಮೂವರಿಗೂ ಕಳಿಸಿ ಅನ್ನಕ್ಕಿಡಲು ಎದ್ದೆ. ತೊಳೆದ ಅಕ್ಕಿಯನ್ನೇ ಮತ್ತೆ ಮತ್ತೆ ತೊಳೆದೆ. ಅದು ದುಃಖಕ್ಕಲ್ಲ ಎಂಬುದು ಮಾತ್ರ ನನಗೆ ಖಚಿತವಿತ್ತು.

ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಸ್ಟುಡಿಯೋ ಇತ್ತು. ಅಲ್ಲಿ ನಾನು ಒಂಬತ್ತು ವರ್ಷ ಕಂಪ್ಯೂಟರ್ ಮುಂದೆ ಕೂತಿದ್ದೆ. ಅವರು ತೆಗೆದ ಫೋಟೋಗಳನ್ನು ತೆರೆದು ನೋಡುವುದು, ಮೊಡವೆ ಅಳಿಸುವುದು, ಕಣ್ಣು ಮುಚ್ಚಿದವರಿಗೆ ಇನ್ನೊಂದು ಫೋಟೋದಿಂದ ಅವರದೇ ಕಣ್ಣು ತಂದು ಕೂರಿಸುವುದು, ಆಲ್ಬಮ್ ಜೋಡಿಸುವುದು ನನ್ನ ಕೆಲಸ. ಅವರು ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಸುತ್ತಲಿನ ಊರುಗಳ ಬಹುಪಾಲು ಫೋಟೋಗ್ರಾಫರುಗಳಿಗೆ ಕ್ಯಾಮೆರಾ ಹಿಡಿಯಲು ಕಲಿಸಿದ್ದರಿಂದ ಎಲ್ಲರಿಗೂ ಮಾಸ್ತರಾದರು.

ಅವರು ಒಳ್ಳೆಯ ಫೋಟೋಗ್ರಾಫರ್. ಇದನ್ನು ಮೊದಲೇ ಹೇಳಬೇಕು. ಹಂಪಿಗೆ ಮದುಮಕ್ಕಳನ್ನು ಕರೆದೊಯ್ದರೆ ಎಲ್ಲರೂ ಹೋಗಿ ನಿಲ್ಲುವ ಕಡೆ ಇವರು ನಿಲ್ಲುತ್ತಿರಲಿಲ್ಲ. ಯಾವುದೋ ಮಂಟಪದ ಹಿಂದೆ, ಬಾಳೆತೋಟದ ಬದುವಿನಲ್ಲಿ ತಮ್ಮ ಮುಂಗೈಯನ್ನು ಗಾಳಿಯಲ್ಲಿ ಹೊರಳಿಸುತ್ತಾ ನಡೆಯುತ್ತಿದ್ದರು. ಮುಂಗೈ ಮೇಲೆ ಬಿದ್ದ ಬೆಳಕು ಮನಸ್ಸಿಗೆ ಬಂದಲ್ಲಿ ನಿಂತು, "ಇಲ್ಲಿ ಬರ್ರಿ" ಅನ್ನುತ್ತಿದ್ದರು. ಒಮ್ಮೆ ಕೆನ್ನೆಯ ಮೇಲೆ ಸುಟ್ಟ ಕಲೆಯಿದ್ದ ಹುಡುಗಿಯೊಬ್ಬಳು ಮದುವೆಯ ಫೋಟೋಕ್ಕೆ ಬಂದಳು. ಕಲೆ ಅಳಿಸಿ ಕೊಡಿ ಎಂದು ಅವಳ ತಾಯಿ ನನ್ನ ಕಿವಿಯಲ್ಲಿ ಹೇಳಿದ್ದನ್ನು ಮಾಸ್ತರು ಕೇಳಿಸಿಕೊಂಡರು.

"ಅಳಸಬ್ಯಾಡ. ಆಕಿ ಗಂಡ ನೋಡೇ ಒಪ್ಪ್ಯಾನ. ನೀ ಯಾಕ ಅಳಸ್ತಿ?"

ಕಿಟಕಿಯ ಪಕ್ಕ ಅವಳನ್ನು ಕೂರಿಸಿ, ಕಲೆ ಇದ್ದ ಕೆನ್ನೆಯನ್ನೇ ಬೆಳಕಿಗೆ ತಿರುಗಿಸಿ ತೆಗೆದರು. ಆ ಫೋಟೋ ನೋಡಿ ಹುಡುಗಿ ಅಲ್ಲೇ ಅತ್ತಳು. ಸಂತೋಷಕ್ಕೆ ಅತ್ತಳು. ಅದನ್ನು ನಾನು ಕಂಡಿದ್ದೇನೆ.

ಅದೇ ಮನುಷ್ಯ ಕಲಿಯಲು ಬಂದವರಿಗೆ ಅವರವರ ತಪ್ಪಿನ ಮೇಲೆ ಹೆಸರಿಡುತ್ತಿದ್ದರು. ಕ್ಯಾಮೆರಾ ಓರೆಯಾಗಿ ಹಿಡಿದವನು ಸೊಟ್ಟ. ತಲೆ ಕತ್ತರಿಸಿ ಫ್ರೇಮ್ ಇಟ್ಟವನು ಕಟುಕ. ಆ ಹೆಸರುಗಳು ಅವರಿಗೆ ಅಂಟಿಕೊಂಡು, ಮದುವೆಯಾಗಿ ಮಕ್ಕಳಾದ ಮೇಲೂ ಹೋಗಲಿಲ್ಲ. ಸೊಟ್ಟನ ಹೆಂಡತಿ ಒಮ್ಮೆ ಸ್ಟುಡಿಯೋಗೆ ಬಂದಾಗ ಮಾಸ್ತರು, "ಬಾರವ್ವ, ಸೊಟ್ಟನ ಕಟ್ಟಿಕೊಂಡು ನೀನರ ನೆಟ್ಟಗ ಅದಿಯೇನು?" ಅಂದರು. ಆಕೆ ನಗಲಿಲ್ಲ. ಸೊಟ್ಟ ನಕ್ಕ. ನನಗೆ ಅವರಿಟ್ಟ ಹೆಸರು ತ್ಯಾಪಿ. ತೇಪೆ ಹಾಕುವ ಕೆಲಸದವಳು ಅಂತ. ಗಿರಾಕಿಗಳ ಎದುರಿಗೇ "ಏ ತ್ಯಾಪಿ" ಎಂದು ಕರೆಯುತ್ತಿದ್ದರು. ಮೊದಲ ವರ್ಷ ಮೈ ಬಿಸಿಯಾಗುತ್ತಿತ್ತು. ಆಮೇಲೆ ಓಗೊಡಲು ಕಲಿತೆ.

ಈಗ ಲೆನ್ಸಿನ ವಿಷಯ.

ಫಿಲ್ಮ್ ಕಾಲದಲ್ಲಿ ಅವರು ಬೆಂಗಳೂರಿಗೆ ಹೋಗಿ ಒಂದು ಲೆನ್ಸು ತಂದಿದ್ದರು. ಅದು ಕ್ಯಾಮೆರಾ ಮಾಡಿದ ಕಂಪನಿಯದಲ್ಲ. ಆ ಕಂಪನಿಯ ಕ್ಯಾಮೆರಾದ ಬಾಯಿಗೆ ಕೂರುವಂತೆ ಬೇರೊಂದು ಕಂಪನಿ ಮಾಡಿದ್ದು. ಅದಕ್ಕೇ ಕೈಗೆಟುಕುವಂತಿತ್ತು. ದಪ್ಪ ಗಾಜು, ಒಳ್ಳೆಯ ತೂಕ. ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿಡುತ್ತಿದ್ದರು. ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಫಿಲ್ಮ್ ಕ್ಯಾಮೆರಾದ ಮೇಲೆ ಅದು ಎಷ್ಟೋ ವರ್ಷ ಒಂದು ದಿನವೂ ಕೈಕೊಡದೆ ದುಡಿದಿತ್ತು.

ಡಿಜಿಟಲ್ ಕ್ಯಾಮೆರಾ ತಂದ ದಿನ ಮೊದಲು ಆ ಲೆನ್ಸನ್ನೇ ಅದಕ್ಕೆ ಹಾಕಿದರು. ಟಕ್ಕೆಂದು ಕೂತಿತು. ಫೋಕಸ್ ಕೂಡ ಸರಿಯಾಗಿಯೇ ಆಯಿತು. ಬಟನ್ ಒತ್ತಿದರು. ಒಳಗೆ ಏನೋ ಅರ್ಧ ಸದ್ದು ಮಾಡಿ ನಿಂತಿತು, ಪರದೆಯ ಮೇಲೆ ದೋಷ ಎಂದು ತೋರಿಸಿ ಕ್ಯಾಮೆರಾ ಸತ್ತುಹೋಯಿತು. ಬ್ಯಾಟರಿ ತೆಗೆದು ಮತ್ತೆ ಹಾಕಿದ ಮೇಲೆ ಜೀವ ಬಂತು. ಮತ್ತೆ ಒತ್ತಿದರು. ಮತ್ತೆ ಸತ್ತಿತು. ಅವತ್ತು ಹದಿನೇಳು ಸಲ ಬ್ಯಾಟರಿ ತೆಗೆದು ಹಾಕಿದರು. ಎಣಿಸಬೇಕೆಂದು ಎಣಿಸಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ಎಣಿಕೆಯಾಯಿತು.

ಲೆನ್ಸಿನ ಒಳಗೆ ಕಣ್ಣಿನ ಪಾಪೆಯ ಹಾಗೆ ತೆರೆದು ಮುಚ್ಚುವ ಒಂದು ಪರದೆ ಇರುತ್ತದೆ. ಅಪರ್ಚರ್ ಅನ್ನುತ್ತಾರೆ. ಅದನ್ನು ಕಿರಿದು ಮಾಡಿದರೆ ಮುಂದಿನವರೂ ಹಿಂದಿನವರೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತಾರೆ. ಪೂರ್ತಿ ತೆರೆದಿಟ್ಟರೆ ಒಂದೇ ದೂರದಲ್ಲಿರುವುದು ಸ್ಪಷ್ಟ, ಅದರ ಹಿಂದೆ ಮುಂದೆ ಇರುವುದೆಲ್ಲ ಮಸುಕು. ಈ ಪರದೆಯನ್ನು ಕಿರಿದು ಮಾಡು ಎಂದು ಹೊಸ ಕ್ಯಾಮೆರಾ ಹೇಳಿದ್ದು ಹಳೆಯ ಲೆನ್ಸಿಗೆ ತಿಳಿಯುತ್ತಿರಲಿಲ್ಲ. ಬೆಂಗಳೂರಿನ ರಿಪೇರಿಯವನು ಫೋನಿನಲ್ಲಿ ಹೇಳಿದ: ಒಳಗಿನ ಚಿಪ್ ಬದಲಾಯಿಸಬೇಕು, ಆ ಚಿಪ್ ಮಾಡುವುದನ್ನು ಲೆನ್ಸಿನ ಕಂಪನಿಯವರು ನಿಲ್ಲಿಸಿದ್ದಾರೆ, ಲೆನ್ಸನ್ನು ಶೋಕೇಸಿನಲ್ಲಿಡಿ. ಮಾಸ್ತರು ಫೋನಿಟ್ಟು, "ಶೋಕೇಸಿನ್ಯಾಗ ಅವನ್ನ ಇಡ್ಬೇಕು" ಅಂದರು.

ನಾಲ್ಕು ದಿನ ಕಳೆದ ಮೇಲೆ ಒಂದು ದಾರಿ ಕಂಡುಕೊಂಡರು. ಪರದೆಯನ್ನು ಪೂರ್ತಿ ತೆರೆದೇ ಬಿಟ್ಟರೆ ಅದು ಅಲುಗಾಡುವ ಪ್ರಮೇಯವೇ ಇಲ್ಲ, ಕ್ಯಾಮೆರಾ ಸಾಯುವುದಿಲ್ಲ. ಅವತ್ತಿನಿಂದ ಆ ಲೆನ್ಸಿನಲ್ಲಿ ಪೂರ್ತಿ ತೆರೆದ ಫೋಟೋಗಳನ್ನು ಮಾತ್ರ ತೆಗೆದರು. ಮದುಮಗಳ ಒಂದು ಕಣ್ಣು ಕಡೆದಿಟ್ಟ ಹಾಗೆ ನಿಂತು ಅವಳ ಹಿಂದಿನ ಹಂಪಿಯ ಬಂಡೆಗಳೆಲ್ಲ ಬೆಣ್ಣೆಯಂತೆ ಕರಗಿದ ಫೋಟೋಗಳು. ಜನ ಹುಚ್ಚಾದರು. ಕಲಿತು ಹೋದವರು ವಾಪಸ್ ಬಂದು ಕೇಳತೊಡಗಿದರು.

"ಮಾಸ್ತರ್ರ, ಮಸ್ತ್ ಬಂದೈತ್ರಿ. ಹೆಂಗ ಮಾಡ್ತೀರಿ ಇದನ್ನ?"

"ಫೋಟೋದಾಗ ಒಬ್ಬನ್ನ ನೋಡ್ಬೇಕಲೇ. ಉಳಿದದ್ದೆಲ್ಲಾ ಕಸ. ಕಸ ಕರಗಿಸೋದು ಕಲೀರಿ."

ಪ್ರತಿ ಫೋಟೋದ ಜೊತೆಗೆ ಕಂಪ್ಯೂಟರಿನಲ್ಲಿ ಅದರ ಮಾಹಿತಿಯೂ ಬರುತ್ತದೆ. ಅಪರ್ಚರ್ ಎಷ್ಟಿತ್ತು ಎಂಬ ಅಂಕಿ ಎಲ್ಲದರಲ್ಲೂ ಒಂದೇ ಇರುತ್ತಿತ್ತು. ಹಾಗಾಗಿ ವಿಷಯ ತಿಳಿದವಳು ನಾನೊಬ್ಬಳೇ. ಒಮ್ಮೆ ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತು ಮೆಲ್ಲಗೆ ಹೇಳಿದರು:

"ಇದು ಹೊರಗ ಹೋದ್ರ, ನೀನೂ ಹೊರಗ ಹೋಗ್ತಿ."

ಗುಂಪಿನ ಫೋಟೋ ತೆಗೆಯಲು ಕ್ಯಾಮೆರಾದ ಜೊತೆಗೇ ಬಂದಿದ್ದ ಚಿಕ್ಕ ಲೆನ್ಸು ಇತ್ತು. ಪ್ಲಾಸ್ಟಿಕ್ ಮೈ, ಹಗುರ. ಅದು ಹೇಳಿದ ಮಾತು ಕೇಳುತ್ತಿತ್ತು. ಮಾಸ್ತರು ಅದನ್ನು ಡಬ್ಬಿ ಎನ್ನುತ್ತಿದ್ದರು. ಅದು ನನ್ನ ಮೇಜಿನ ಡ್ರಾಯರಿನಲ್ಲಿ ಬಿದ್ದಿರುತ್ತಿತ್ತು, ಬೇಕಾದಾಗ ನಾನೇ ತೆಗೆದು ಅವರ ಬ್ಯಾಗಿಗೆ ಹಾಕುತ್ತಿದ್ದೆ.

ಸಂಡೂರಿನ ಬೆಟ್ಟದ ಮೇಲೆ ಅದಿರು ಸಾಗಿಸುವ ಒಬ್ಬ ಗುತ್ತಿಗೆದಾರರಿದ್ದರು. ಅವರ ಅಂಗಳದಲ್ಲಿ ಪ್ರತಿ ವರ್ಷ ಆಯುಧಪೂಜೆಯ ದಿನ ಟಿಪ್ಪರುಗಳಿಗೆ ಬಾಳೆಕಂಬ ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆಸುವುದು ರೂಢಿ. ಮುಂದೆ ಕುರ್ಚಿಗಳಲ್ಲಿ ಮ್ಯಾನೇಜರು ಮತ್ತು ಉಳಿದ ಸಾಹೇಬರು, ಅವರ ಹಿಂದೆ ಮೆಕ್ಯಾನಿಕ್‌ಗಳು, ಎಲ್ಲಕ್ಕಿಂತ ಹಿಂದೆ ಟಿಪ್ಪರಿನ ಬಂಪರ್ ಮೇಲೆ ಹತ್ತಿ ನಿಂತ ಡ್ರೈವರುಗಳು. ಆ ಫೋಟೋ ಮಾಸ್ತರದೇ. ಆ ವರ್ಷ ಹಬ್ಬದ ಹಿಂದಿನ ವಾರ ಸೊಟ್ಟ ಸ್ಟುಡಿಯೋಗೆ ಬಂದ. ಕುತ್ತಿಗೆಯಲ್ಲಿ ಹೊಸ ಕ್ಯಾಮೆರಾ, ಅದೇ ಕಂಪನಿಯ ಉದ್ದನೆಯ ಲೆನ್ಸು.

"ಮಾಸ್ತರ್ರ, ಈ ಸಲಾನೂ ಆ ಡಬ್ಬಿ ಒಯ್ತೀರೇನ್ರಿ ಬೆಟ್ಟಕ್ಕ? ಹ್ವಾದ ವರ್ಷ ಮ್ಯಾನೇಜರ್ ನನ್ನ ಕೇಳಿದ್ರು. ನಿಮ್ಮ ಗುರುಗೋಳು ಆಟದ ಸಾಮಾನು ತಂದಿದ್ರಲ್ಲೋ ಅಂದ್ರು."

ಮಾಸ್ತರು ನಗುತ್ತಲೇ, "ನಿನ್ನ ಲೆನ್ಸು ಉದ್ದ ಐತಲೇ ಸೊಟ್ಟ, ಅದರ ಹಿಂದ ನಿಂತಾಂವ ಗಿಡ್ಡ ಅದಾನ" ಅಂದರು. ಎಲ್ಲರೂ ನಕ್ಕರು. ಅವನು ಹೋದ ಮೇಲೆ ನಾನು, ಹಬ್ಬದ ದಿನ ಚಿಕ್ಕ ಲೆನ್ಸನ್ನೇ ಹಾಕಿಕೊಳ್ಳಿ ಸರ್, ಮೂರು ಸಾಲು ಇರುತ್ತವೆ ಎಂದೆ. ಇಬ್ಬರು ಗಿರಾಕಿಗಳು ಕೂತಿದ್ದರು. "ತ್ಯಾಪಿ ನನಗ ಫೋಟೋ ಹೇಳಿಕೊಡಾಕ ಬಂದಾಳ ನೋಡ್ರಿ" ಎಂದು ಅವರಿಗೆ ತೋರಿಸಿದರು. ಗಿರಾಕಿಗಳು ನನ್ನ ಕಡೆ ತಿರುಗಿ ನೋಡಿದರು.

ಹಬ್ಬದ ದಿನ ಬೆಳಿಗ್ಗೆ ಅವರು ಹೊರಟುಹೋದ ಮೇಲೆ ಡ್ರಾಯರ್ ಎಳೆದೆ. ಚಿಕ್ಕ ಲೆನ್ಸು ಅಲ್ಲೇ ಇತ್ತು. ಬಸ್ಸು ಇನ್ನೂ ಹೊರಟಿರಲಿಕ್ಕಿಲ್ಲ. ನನ್ನ ಫೋನು ಮೇಜಿನ ಮೇಲಿತ್ತು. ನಾನು ಡ್ರಾಯರ್ ಮುಚ್ಚಿದೆ.

ಸಂಜೆ ಮೈತುಂಬ ಕೆಂಧೂಳು ಮೆತ್ತಿಕೊಂಡು ಬಂದು ಕ್ಯಾಮೆರಾದ ಮೆಮೊರಿ ಕಾರ್ಡ್ ಕೊಟ್ಟರು. ತೆರೆದು ನೋಡಿದೆ. ನಡುವಿನ ಕುರ್ಚಿಯಲ್ಲಿದ್ದ ಮ್ಯಾನೇಜರರ ಮೀಸೆಯ ಕೂದಲು ಒಂದೊಂದೂ ಬೇರೆಬೇರೆಯಾಗಿ ಕಾಣುತ್ತಿತ್ತು. ಕೊರಳಿನ ಚೆಂಡುಹೂವಿನ ಎಸಳು ಎಣಿಸಬಹುದಿತ್ತು. ಮೆಕ್ಯಾನಿಕ್‌ಗಳು ಸ್ವಲ್ಪ ಮಸುಕು. ಬಂಪರಿನ ಮೇಲೆ ಹನ್ನೊಂದು ಜನ ನಿಂತಿದ್ದರು. ಅವರ ಮುಖ ಇರಬೇಕಾದ ಕಡೆ ಮುಖದ ಬಣ್ಣ ಇತ್ತು. ಅಷ್ಟೇ.

"ಹಿಂದಿನ ಸಾಲು ಹೋಗೈತಿ ಸರ್."

"ಅವ್ರನ್ನ ಯಾರು ನೋಡ್ತಾರ? ಸಣ್ಣ ಸೈಜಿನ್ಯಾಗ ಪ್ರಿಂಟ್ ಹಾಕು. ಗೊತ್ತಾಗಂಗಿಲ್ಲ."

ಗೊತ್ತಾಗಲಿಲ್ಲ. ಸಣ್ಣ ಪ್ರಿಂಟಿನಲ್ಲಿ ಎಲ್ಲರಿಗೂ ಕಣ್ಣು ಮೂಗು ಇರುವಂತೆಯೇ ಕಾಣುತ್ತಿತ್ತು. ಎಲ್ಲರಿಗೂ ಒಂದೊಂದು ಪ್ರತಿ ಲ್ಯಾಮಿನೇಶನ್ ಮಾಡಿಸಿ ಹಂಚಿದರು. ಯಾರೂ ದೂರಲಿಲ್ಲ.

ನಾಲ್ಕು ತಿಂಗಳಾದ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ ನಲವತ್ತರ ಸುಮಾರಿನ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಅದೇ ಫೋಟೋ.

"ಫೋಟೋ ಮಾಸ್ತರ್ರು ಯಾರ್ರಿ?"

"ನಾನೇ. ಕುಂದ್ರಿ."

"ಕುಂದ್ರಾಕ ಬಂದಿಲ್ರಿ, ಕಂಪ್ಲಿ ಬಸ್ಸು ಹಿಡೀಬೇಕು. ಇದರಾಗ ಇವನ್ನೊಬ್ಬನ್ನ ತಗದು ದೊಡ್ಡದು ಮಾಡಿಕೊಡ್ರಿ. ಗ್ವಾಡಿಗೆ ಹಾಕಾಕ." ಹಿಂದಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯವನ ಮೇಲೆ ಬೆರಳಿಟ್ಟಳು.

"ಏನಾಗಬೇಕು ನಿಮಗ?"

"ತಮ್ಮ. ಹ್ವಾದ. ಘಾಟಿನ್ಯಾಗ ಟಿಪ್ಪರ್ ಉಳ್ಳಿ ಬೆಂಕಿ ಹತ್ತಿತ್ರಿ. ಅವತ್ತು ಜ್ವರ ಬಂದಾವ, ರಜಾ ಕೇಳ್ಯಾನಂತ. ಮ್ಯಾನೇಜರ್ ಒಂದು ಟ್ರಿಪ್ ಹೊಡದು ಹೋಗು ಅಂದನಂತ." ಲೆಕ್ಕದ ಮಾತಿನಂತೆ ಹೇಳುತ್ತಿದ್ದಳು. "ಮುಖ ನೋಡಾಕ ಕೊಡ್ಲಿಲ್ರಿ ನಮಗ. ಕಟ್ಟೇ ಕೊಟ್ರು."

ಅವನಿಗೆ ಇಪ್ಪತ್ತಾರು ವರ್ಷವಂತೆ. ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದವಳು ಇವಳೇ. ಗದ್ದೆ ನಾಟಿಗೆ, ಬಾಳೆ ಕಡಿಯಲು ಕೂಲಿಗೆ ಹೋಗುತ್ತಿದ್ದವಳು. ಬೇರೆ ಫೋಟೋ ಇಲ್ಲವೇ ಎಂದು ನಾನು ಕೇಳಿದೆ. ಹೊಳೆ ಬಂದು ಮನೆಯಲ್ಲಿ ಎದೆಮಟ್ಟ ನೀರು ನಿಂತ ವರ್ಷ ಪೆಟ್ಟಿಗೆಯಲ್ಲಿದ್ದ ಫೋಟೋಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹೋದವು ಎಂದಳು. ಲೈಸೆನ್ಸು, ಫೋನು ಅವನ ಜೇಬಿನಲ್ಲೇ ಇದ್ದವು.

ನಾನು ಫೈಲು ತೆರೆದೆ. ಅವಳು ನನ್ನ ಹೆಗಲ ಹಿಂದೆ ಬಂದು ನಿಂತಳು. ನಾಲ್ಕನೆಯವನನ್ನು ದೊಡ್ಡದು ಮಾಡುತ್ತಾ ಹೋದೆ. ದೊಡ್ಡದಾದಂತೆಲ್ಲ ಅವನು ಕಡಿಮೆಯಾಗುತ್ತಾ ಹೋದ.

"ಇದೇನವ್ವ ತಂಗಿ, ಮುಂದ ಮಂಜು ಹಾಕೀಯೇನು? ತಗಿ ಅದನ್ನ."

ಅವಳು ಬೆರಳಿನಿಂದ ಪರದೆಯ ಗಾಜನ್ನು ಒರೆಸಿದಳು. ನಾನು ಮಾಸ್ತರ ಕಡೆ ನೋಡಿದೆ. ಅವರೂ ಪರದೆಯನ್ನೇ ನೋಡುತ್ತಿದ್ದರು. ಕೆಳಗೆ ಪಾತ್ರೆ ಅಂಗಡಿಯಲ್ಲಿ ಯಾವುದೋ ಕೊಡ ಬಿದ್ದ ಸದ್ದಾಯಿತು. ಆಮೇಲೆ ಅವರು ಹೇಳಿದರು:

"ನಿಮ್ಮ ತಮ್ಮ ಅಳ್ಳಾಡ್ಯಾನ."

"ಹೆಂಗ್ರಿ?"

"ಫೋಟೋ ಹೊಡಿಯೋ ಹೊತ್ತಿಗೆ ಅಳ್ಳಾಡಬಾರ್ದು. ನಾ ಮೂರು ಸಲ ಹೇಳಿದ್ದೆ. ಅಳ್ಳಾಡ್ಯಾನ. ಅದಕ್ಕ ಹಿಂಗ ಬಂದೈತಿ."

"ಮಗ್ಗಲಾಗ ಇರೋರೂ ಹಂಗೇ ಅದಾರಲ್ರಿ."

"ಟಿಪ್ಪರ್ ಚಾಲೂ ಇಟ್ಟಿದ್ರು. ಎಲ್ಲಾರೂ ಅಳ್ಳಾಡ್ಯಾರ."

ಅಲುಗಾಡಿದ ಮುಖ ಒಂದು ದಿಕ್ಕಿಗೆ ಎಳೆದಂತಿರುತ್ತದೆ. ಫೋಕಸ್ ತಪ್ಪಿದ ಮುಖ ಎಲ್ಲ ಕಡೆಗೂ ಸಮನಾಗಿ ಊದಿಕೊಂಡಿರುತ್ತದೆ, ಅದರ ಸುತ್ತಲಿನ ಹೊಳೆಯುವ ಚುಕ್ಕೆಗಳೆಲ್ಲ ದುಂಡಗೆ ನಾಣ್ಯದಂತಾಗುತ್ತವೆ. ಟಿಪ್ಪರಿನ ಕನ್ನಡಿಯ ಮೇಲಿನ ಬಿಸಿಲು ಅವನ ಕಿವಿಯ ಪಕ್ಕದಲ್ಲಿ ದುಂಡಗೆ ನಾಣ್ಯವಾಗಿ ನಿಂತಿತ್ತು. ಈ ಎರಡರ ವ್ಯತ್ಯಾಸವನ್ನು ನನಗೆ ಕಲಿಸಿದವರು ಮಾಸ್ತರೇ.

ಆ ಹೆಂಗಸು ಪರದೆಗೆ ಇನ್ನೂ ಹತ್ತಿರ ಬಾಗಿದಳು. ನನ್ನೊಂದಿಗೂ ಅಲ್ಲ, ಮಾಸ್ತರೊಂದಿಗೂ ಅಲ್ಲ, ಆ ಮಸುಕಿನೊಂದಿಗೆ ಮಾತಾಡಿದಳು.

"ಒಂದು ಗಳಿಗಿ ನಿಂದ್ರಾಕ ಆಗಲಿಲ್ಲೇನಲೇ ನಿನಗ? ಸಣ್ಣಾಂವಿದ್ದಾಗಿಂದ ಹಿಂಗೇ. ತಲಿ ಬಾಚಾಕ ನಿಂದ್ರಂಗಿಲ್ಲ, ಉಣ್ಣಾಕ ಕುಂದ್ರಂಗಿಲ್ಲ. ಫೋಟೋ ಹೊಡಿಯಾಗರ ನಿಂದ್ರಬಾರದೇನಲೇ, ಮೂಳಾ?"

ನಾನು ಮೌಸ್ ಹಿಡಿದುಕೊಂಡು ಕೂತಿದ್ದೆ. ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯವಿತ್ತೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಕ್ಷಣದಲ್ಲಿ ಆ ಭಯ ನೆನಪಿಗೂ ಬಂದಿರಲಿಲ್ಲ. ಮಾಸ್ತರು ಹೇಳಿದ ಮೇಲೆ ಮುಗಿಯಿತು ಎಂಬ ಅಭ್ಯಾಸವಷ್ಟೇ ಇತ್ತು.

"ನಾಳಿದ್ದು ಬರ್ರಿ. ಸರಿ ಮಾಡಿ ಕೊಡ್ತೀವಿ" ಎಂದು ಮಾಸ್ತರು ಅವಳನ್ನು ಕಳಿಸಿದರು. ಮೆಟ್ಟಿಲಿನ ಸದ್ದು ನಿಂತ ಮೇಲೆ ನಾನು, "ಅವರು ಅಳ್ಳಾಡಿಲ್ಲ ಸರ್" ಎಂದೆ. ಅವರು ಹಳದಿ ಬಟ್ಟೆಯಿಂದ ಲೆನ್ಸು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

"ಕಣ್ಣು ಹಾಕು."

"ಯಾರವು?"

"ಅದರಾಗ ಯಾರವು ಚಲೋ ಬಂದಾವ, ಅವನ್ನ ಹಾಕು."

ಚೆನ್ನಾಗಿ ಬಂದಿದ್ದು ಕುರ್ಚಿಯ ಸಾಲು ಮಾತ್ರ. ಐದು ಜನ. ಮೂವರಿಗೆ ಕನ್ನಡಕ. ಒಬ್ಬರು ಕಣ್ಣು ಮುಚ್ಚಿದ್ದರು. ಉಳಿದವರು ಒಬ್ಬರೇ.

"ಮ್ಯಾನೇಜರವು ಅದಾವ ಸರ್."

"ಕಣ್ಣಿನ ಮ್ಯಾಲ ಹೆಸರು ಬರದಿರ್ತದೇನು?"

ಎರಡು ಗಂಟೆ ನನ್ನ ಹಿಂದೆ ನಿಂತು ಮಾಡಿಸಿದರು. ಅವತ್ತು ಬೈಯಲಿಲ್ಲ, ತ್ಯಾಪಿ ಅನ್ನಲಿಲ್ಲ. ಬೆಳಕು ಇಬ್ಬರಿಗೂ ಎಡದಿಂದಲೇ ಬಿದ್ದಿದೆ, ಹೊಂದುತ್ತದೆ ಎಂದರು. ಹುಬ್ಬು ಸ್ವಲ್ಪ ತೆಳು ಮಾಡು ಎಂದರು. ಕಣ್ಣಿನ ಕೆಳಗಿನ ವಯಸ್ಸು ತೆಗಿ ಎಂದರು. ಮೂಗಿನ ನೆರಳನ್ನು ಕೈಯಿಂದ ಬರೆದೆ. ತುಟಿ ಯಾರದೂ ಅಲ್ಲ, ನಾನು ಮಾಡಿದ್ದು. ಕೊನೆಗೆ ಅಲ್ಲೊಬ್ಬ ಇಪ್ಪತ್ತಾರು ವರ್ಷದವನು ಇದ್ದ. ಚೆನ್ನಾಗಿದ್ದ. ನನ್ನ ಒಂಬತ್ತು ವರ್ಷದಲ್ಲಿ ಅಷ್ಟು ಸೂಕ್ಷ್ಮದ ಕೆಲಸ ಮತ್ತೊಂದು ಮಾಡಿಲ್ಲ.

ಹೇಳಿದ ದಿನ ಅವಳು ಬಂದಳು. ಕಟ್ಟು ಹಾಕಿಸಿಟ್ಟಿದ್ದ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ದೂರ ಮಾಡಿದಳು, ಹತ್ತಿರ ತಂದಳು.

"ಕಣ್ಣು ಹಿಂಗಿದ್ವೇನ್ರಿ ನಮ್ಮವನವು?"

"ಹ್ವಾದೋರ ಫೋಟೋ ಮೊದಲನೇ ಸಲ ನೋಡಿದಾಗ ಎಲ್ಲಾರಿಗೂ ಹಂಗೇ ಅನಸ್ತದ" ಎಂದರು ಮಾಸ್ತರು. "ನಾಕು ದಿನ ಗ್ವಾಡಿ ಮ್ಯಾಲ ಇರಲಿ. ಆಮ್ಯಾಲ ನೀವೇ ಗುರ್ತು ಹಿಡೀತೀರಿ."

ಅವಳು ಸೆರಗಿನ ಗಂಟು ಬಿಚ್ಚಲು ಹೋದಳು. ದುಡ್ಡು ಬೇಡ ಎಂದರು. ಅವಳು ಫೋಟೋವನ್ನು ಕುರ್ಚಿಯ ಮೇಲಿಟ್ಟು ಬಾಗಿ ಅವರ ಕಾಲು ಮುಟ್ಟಿದಳು. ಅವರು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆ ವರ್ಷದಿಂದ ಮಾಸ್ತರು ಗುಂಪಿನ ಫೋಟೋ ತೆಗೆಯುವುದನ್ನು ನಿಲ್ಲಿಸಿದರು. ಬೆಟ್ಟದ ಕೆಲಸ ಸೊಟ್ಟನಿಗೆ ಹೋಯಿತು. ಯಾಕೆಂದು ಕೇಳಿದವರಿಗೆ, "ಗುಂಪಿಂದು ಫೋಟೋನೇ ಅಲ್ಲಲೇ, ಅದು ಹಾಜರಿ ಪುಸ್ತಕ" ಎನ್ನುತ್ತಿದ್ದರು. ಅದನ್ನು ಪಶ್ಚಾತ್ತಾಪ ಎಂದು ಬರೆಯಲು ನನ್ನ ಬಳಿ ಆಧಾರವಿಲ್ಲ. ಅಲ್ಲ ಎಂದು ಬರೆಯಲೂ ಇಲ್ಲ.

ಎರಡು ವರ್ಷದ ನಂತರ ನಾನು ಕೆಲಸ ಬಿಟ್ಟೆ. ಈ ಕಾರಣಕ್ಕೇ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಗಂಡನಿಗೆ ದೋಣಿಮಲೈಯಲ್ಲಿ ಕೆಲಸವಾಗಿ ಕ್ವಾರ್ಟರ್ಸ್ ಸಿಕ್ಕಿತ್ತು. ಆಮೇಲೆ ಮಾಸ್ತರನ್ನು ಕಂಡಿದ್ದು ಒಂದೇ ಸಲ, ಅವರು ಸಾಯುವ ಮುಂಚಿನ ವರ್ಷ. ಸ್ಟುಡಿಯೋದಲ್ಲಿ ಒಬ್ಬರೇ ಕೂತಿದ್ದರು. ಮಗ ಕೊಡಿಸಿದ ತೀರಾ ಹೊಸ ಕ್ಯಾಮೆರಾಕ್ಕೆ, ನಡುವೆ ಒಂದು ಬಳೆಯಂಥ ಅಡಾಪ್ಟರ್ ಹಾಕಿ, ಅದೇ ಲೆನ್ಸು ಸಿಕ್ಕಿಸಿಕೊಂಡಿದ್ದರು. ಒತ್ತುತ್ತಿದ್ದರು, ಬ್ಯಾಟರಿ ತೆಗೆಯುತ್ತಿದ್ದರು, ಹಾಕುತ್ತಿದ್ದರು.

"ನೋಡಿಲ್ಲಿ. ಮೊದ್ಲಿನ ಕ್ಯಾಮೆರಾ ಲೆನ್ಸು ಕೆಟ್ಟೈತಿ ಅಂತಿತ್ತು. ಈಗಿಂದು ಲೆನ್ಸೇ ಇಲ್ಲ ಅಂತೈತಿ."

ಟೀ ತರಿಸಿದರು. ಕುಡಿಯುತ್ತಾ ನಾನು, ಆ ಕಂಪ್ಲಿಯ ಹೆಂಗಸು ಮತ್ತೆ ಬಂದಿದ್ದಳೇ ಎಂದು ಕೇಳಿದೆ. ಯಾವ ಹೆಂಗಸು ಎಂದು ಅವರು ಕೇಳಲಿಲ್ಲ.

"ಇಲ್ಲ." ಲೋಟ ಕೆಳಗಿಟ್ಟರು. "ನೀ ಅವತ್ತು ಖರೇ ಹೇಳಿದ್ರ ಆಕಿಗೆ ಏನು ಕೊಡ್ತಿದ್ದಿ? ಮಂಜು ಕೊಡ್ತಿದ್ದಿ. ನಾ ಮುಖ ಕೊಟ್ಟು ಕಳಿಸೀನಿ. ಹೋಗಿ ಕೇಳು ಆಕಿನ್ನ, ಯಾವುದು ಬೇಕಿತ್ತಂತ."

ನಾನು ಟೀ ಮುಗಿಸಿ, ಎರಡೂ ಲೋಟ ತೊಳೆದಿಟ್ಟು ಬಂದೆ.

ಅವರು ಸತ್ತ ಒಂಬತ್ತನೇ ದಿನ ನಾನು ಕಂಪ್ಲಿಗೆ ಹೋದೆ. ಅವರು ಬದುಕಿರುವಾಗ ಯಾಕೆ ಹೋಗಲಿಲ್ಲ ಎಂದರೆ, ಅವರಿಗೆ ಗೊತ್ತಾಗುತ್ತದೆ ಎಂದು. ಅಷ್ಟು ವರ್ಷವಾದ ಮೇಲೂ. ಹೊಳೆಯ ಕಡೆಯ ಓಣಿಯಲ್ಲಿ ಟಿಪ್ಪರ್ ಅಪಘಾತದಲ್ಲಿ ತಮ್ಮನನ್ನು ಕಳೆದುಕೊಂಡವರ ಮನೆ ಎಂದು ಕೇಳಿದೆ, ತೋರಿಸಿದರು. ಅವಳು ಹೊರಗೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಫೋಟೋ ಅಂಗಡಿಯ ತಂಗಿ ಅಲ್ಲೇನು?" ಅಂದಳು.

ಅಕ್ಕಿಯ ಮೊರ ಹಿಡಿದುಕೊಂಡೇ ನನ್ನನ್ನು ಒಳಗೆ ಕರೆದಳು. ಗೋಡೆಯ ಮೇಲೆ ಫೋಟೋ ಇತ್ತು. ಕೆಳಗೆ ದೀಪ, ಗಾಜಿನ ಮೇಲೆ ಮೂರು ಎಳೆ ವಿಭೂತಿ. ನಾನು ಕೂರುವ ಮೊದಲೇ ಹೇಳಿದೆ. ಕೂತರೆ ಹೇಳಲಾರೆ ಅನ್ನಿಸಿತ್ತು.

"ಅಕ್ಕಾ, ನಿಮ್ಮ ತಮ್ಮ ಅಳ್ಳಾಡಿರಲಿಲ್ಲ. ನೆಟ್ಟಗ ನಿಂತಿದ್ದ. ಮಾಸ್ತರ ಲೆನ್ಸು ಹಳೇದಿತ್ತು, ಆ ಕ್ಯಾಮೆರಾಕ್ಕ ಹೊಂದ್ತಿದ್ದಿಲ್ಲ. ಹಿಂದ ನಿಂತೋರು ಯಾರೂ ಬರ್ತಿದ್ದಿಲ್ಲ ಅದರಾಗ. ನನಗ ಅವತ್ತೇ ಗೊತ್ತಿತ್ತು."

ಅವಳು ಮೊರವನ್ನು ಕೆಳಗಿಟ್ಟಳು.

"ಅಳ್ಳಾಡಿದ್ದಿಲ್ಲ?"

"ಇಲ್ಲಕ್ಕಾ."

"ನಿಂತಿದ್ದ?"

"ನಿಂತಿದ್ದ."

"ನಾ ಅವನ್ನ ದಿನಾ ಬೈದೀನಲ್ಲವ್ವಾ" ಎಂದಳು. ದನಿ ಎತ್ತರವಾಗಲಿಲ್ಲ. "ದೀಪ ಹಚ್ಚುವಾಗ ದಿನಾ ಬೈದೀನಿ. ಒಂದು ಗಳಿಗಿ ನೆಟ್ಟಗ ನಿಂತಿದ್ರ ನಿನ್ನ ಖರೇ ಮುಖ ಬರ್ತಿತ್ತಲ್ಲಲೇ ಅಂತ. ಇಷ್ಟು ವರ್ಷ. ದಿನಾ."

ಎದ್ದು ಹೋಗಿ ಫೋಟೋದ ಮುಂದೆ ನಿಂತಳು. ಬೆನ್ನು ನನ್ನ ಕಡೆಗಿತ್ತು.

"ತರುವಾಗ ಈ ಕಣ್ಣು ಗುರ್ತು ಹತ್ತಿದ್ದಿಲ್ಲ ನನಗ. ಮಾಸ್ತರು ಹೇಳಿದಂಗೇ ಆತು ನೋಡು. ಈಗ ಕಣ್ಣು ಮುಚ್ಚಿದ್ರೂ ಇವೇ ಬರ್ತಾವ. ಮೊದ್ಲ ಹೆಂಗಿದ್ವು ಅಂತ ನೆನಸಾಕ ಹ್ವಾದ್ರ ಬರಂಗಿಲ್ಲ." ಕೈಯೆತ್ತಿ ಗಾಜಿನ ಮೇಲೆ ಆ ಕಣ್ಣುಗಳ ಮೇಲೆ ಇಟ್ಟಳು. "ತಪ್ಪಾತಪ್ಪ. ನಿಂತಿದ್ದಂತ ನೀ. ಸುಳ್ಳೇ ಬೈದೆ. ತಪ್ಪಾತು."

ಮ್ಯಾನೇಜರರ ಕಣ್ಣುಗಳು ಅವಳ ಬೆರಳ ಸಂದಿಯಿಂದ ನನ್ನನ್ನು ನೋಡುತ್ತಿದ್ದವು. ಅಷ್ಟು ವರ್ಷವಾದರೂ ಬಣ್ಣ ಮಾಸಿರಲಿಲ್ಲ.

ಅವಳು ತಿರುಗಿದಳು. ಅಳುತ್ತಿದ್ದಳು. ಆದರೆ ಮುಖ ಹಗುರವಾಗಿತ್ತು, ಏನೋ ಇಳಿಸಿದವರ ಹಾಗೆ.

"ಇನ್ನೇನರ ಹೇಳೋದು ಐತೇನವ್ವಾ?"

"ಇಲ್ಲಕ್ಕಾ" ಎಂದೆ. "ಇಷ್ಟೇ."

"ಇಷ್ಟು ಹೇಳಾಕ ಅಷ್ಟು ದೂರದಿಂದ ಬಂದಿ. ಯಾರು ಬರ್ತಾರ ಹಿಂಗ? ಕುಂದ್ರು. ಉಂಡೇ ಹೋಗಬೇಕು ನೀ."

ಫೋಟೋದ ಎದುರಿಗೆ ಮಣೆ ಹಾಕಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಆಮೇಲೆ ಅನ್ನ ಸಾರು. ನಾನು ತಲೆ ಬಗ್ಗಿಸಿಕೊಂಡು ಉಂಡೆ. ಎರಡನೇ ಸಲ ಅನ್ನ ಬಡಿಸಲು ಬಂದಾಗಲೂ ಬೇಡ ಎನ್ನಲಿಲ್ಲ.